ಹೊಗೆ ನೋಡಿ ಹೋದವರು

ನಾರಿನ್ ಊರಿನ ಕನಿಶಾಯ್‌ಗೆ ಆ ಕೆಲಸ ಬಂದದ್ದು ಮನೆಗೆಲಸಗಳು ಹೆಂಗಸರಿಗೆ ಬರುವ ರೀತಿಯಲ್ಲೇ. ತಳ ಹಿಡಿದ ಪಾತ್ರೆ ಇನ್ನೂ ಇಲ್ಲೇ ಬಿದ್ದಿದೆಯಲ್ಲ ಎಂದು ಯಾರು ಕೇಳುತ್ತಾರೋ, ತಿಕ್ಕುವ ಪಾಲು ಅವರದೇ.

ಹನ್ನೊಂದು ವರ್ಷದ ಹಿಂದೆ ಬಿಶ್ಕೆಕ್‌ನ ಒಂದಷ್ಟು ಜನ ಸೇರಿ ಕಿರ್ಗಿಜ್ ಮಾತಿನಲ್ಲೇ ನಡೆಯುವ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದರು. ‘ಬುಲಾಕ್’ ಎಂದು ಅದರ ಹೆಸರು. ಸಂಬಳವಿಲ್ಲದ ಕೆಲಸ. ಹಳ್ಳಿಯ ಶಾಲೆ, ಚಿಕಿತ್ಸಾಲಯ, ಅಂಚೆ ಕಚೇರಿಗಳ ಮುದಿ ಕಂಪ್ಯೂಟರುಗಳಿಗೆ ಅದು ಹಿಡಿಸಿತ್ತು. ಆರೋಗ್ಯ ಕಚೇರಿಯ ದಾಖಲೆ ವಿಭಾಗದಲ್ಲಿದ್ದ ಕನಿಶಾಯ್ ಅವರಿಗೊಂದು ಪತ್ರ ಹಾಕಿದಳು: ‘ಎರಡು ಸರ್ವರ್‌ಗಳನ್ನು ಜೋಡಿಸುವ ಕ್ಲಸ್ಟರ್ ಪ್ಯಾಕೇಜು ಹಾಕಿಕೊಂಡೆ. ಅದರ ಡೀಫಾಲ್ಟ್ ಕಡತದಲ್ಲಿ ಯಂತ್ರ ತನ್ನ ಮುಖವನ್ನೇ ತಾನು ನೋಡಿಕೊಂಡು ಕೂತಿರುತ್ತದೆ, ಪಕ್ಕದ ಯಂತ್ರವನ್ನು ಹುಡುಕುವುದೇ ಇಲ್ಲ. ಇದನ್ನು ನೋಡಿಕೊಳ್ಳುವವರು ಯಾರು?’

ಗುಂಪಿನ ಹಿರಿಯ ತೊಲೊಗೊನ್ ಒಂದೇ ಸಾಲಿನ ಉತ್ತರ ಕಳಿಸಿದ: ‘ಇನ್ನು ಮೇಲೆ ನೀವೇ.’

ಆ ಪ್ಯಾಕೇಜಿನ ಕೆಲಸ ಹೇಳುವುದಾದರೆ ಸರಳ. ಎರಡೋ ಮೂರೋ ಸರ್ವರ್‌ಗಳನ್ನು ಒಂದೇ ನೊಗಕ್ಕೆ ಕಟ್ಟುತ್ತದೆ. ಒಂದು ಕುಸಿದರೆ ಅದರ ಹೊರೆಯನ್ನು ಇನ್ನೊಂದು ಹೊರುತ್ತದೆ. ಕುಸಿದಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ, ಅದಕ್ಕಾಗಿ ಯಂತ್ರಗಳು ಕ್ಷಣಕ್ಷಣವೂ ಒಂದಕ್ಕೊಂದು ‘ಇದ್ದೇನೆ, ಇದ್ದೇನೆ’ ಎಂದು ಹೇಳಿಕೊಳ್ಳುತ್ತಿರುತ್ತವೆ. ಅದನ್ನು ಗುಂಪಿನವರು ನಾಡಿ ಎನ್ನುತ್ತಿದ್ದರು. ಕನಿಶಾಯ್ ಕೈಗೆ ಬಂದದ್ದು ಡೀಫಾಲ್ಟ್ ಕಡತ. ಹಾಕಿಕೊಂಡವರು ಏನನ್ನೂ ಹೇಳದಿದ್ದರೆ ಯಂತ್ರ ಏನು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾರು ಎದ್ದು ಹೊರೆ ಎತ್ತಿಕೊಳ್ಳಬೇಕು ಎಂದು ಬರೆದಿಡುವ ಕಡತ ಅದು. ಹಾಕಿಕೊಂಡವರಲ್ಲಿ ಹೆಚ್ಚಿನವರು ಅದನ್ನು ತೆರೆದೂ ನೋಡುವುದಿಲ್ಲ. ಅವಳು ಬರೆದದ್ದೇ ನಡೆಯುತ್ತದೆ.

ಯಾರೂ ಏನೂ ಹೇಳದಿದ್ದಾಗ ಯಾರು ಏಳಬೇಕು ಎಂಬುದನ್ನು ಅವಳಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಆ ಮನೆಗೆ ಹಿರಿಸೊಸೆಯಾಗಿ ಬಂದವಳು. ಬೆಳಿಗ್ಗೆ ಒಲೆಯ ಬೂದಿ ತೆಗೆಯಲು ಯಾರೂ ಹೇಳುತ್ತಿರಲಿಲ್ಲ, ಬೂದಿ ಹೋಗುತ್ತಿತ್ತು. ಕೊಡಗಳು ತುಂಬುತ್ತಿದ್ದವು. ಗಂಡ ಮುಕಾಶ್‌ನ ಉಣ್ಣೆಯ ಕಾಲುಚೀಲಗಳು ಒಲೆಯ ಮೇಲಿನ ಹಗ್ಗದಲ್ಲಿ ತಾವಾಗಿಯೇ ಒಣಗಿ ತಾವಾಗಿಯೇ ಜೋಡಿಯಾಗುತ್ತಿದ್ದವು.

ಪ್ಯಾಕೇಜಿನ ಕೆಲಸಕ್ಕೆ ಅವಳಿಗೆ ಸಿಗುತ್ತಿದ್ದದ್ದು ಹಿಟ್ಟು ಉಬ್ಬುವ ಹೊತ್ತು. ರೊಟ್ಟಿಗೆ ನಾದಿ, ಮುಚ್ಚಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಒಂದೂವರೆ ತಾಸು. ಕೀಲಿಗಳ ನಡುವೆ ಸದಾ ಒಂದಿಷ್ಟು ಹಿಟ್ಟು. ಅವಳು ಮಾಡುತ್ತಿರುವುದೇನೆಂದು ಯಾರಾದರೂ ಕೇಳಿದರೆ ಮುಕಾಶ್ ಹೇಳುತ್ತಿದ್ದ, “ಏನೋ ಕುಟ್ತಾಳೆ. ಕುಟ್ಲಿ ಬಿಡಿ, ಯಾರಿಗೇನು ತೊಂದರೆ.” ಅವನು ರಸ್ತೆ ಇಲಾಖೆಯ ಹಿಮ ತಳ್ಳುವ ಲಾರಿಯ ಚಾಲಕ. ತನ್ನ ಕೆಲಸವನ್ನು ಮಾತ್ರ ಅವನು ಕುಟ್ಟುವುದು ಎನ್ನುತ್ತಿರಲಿಲ್ಲ.

ಮುಕಾಶ್‌ನ ತಾಯಿಯನ್ನು ಇಬ್ಬರು ಸೊಸೆಯರೂ ಅಪಾ ಎಂದೇ ಕರೆಯುತ್ತಿದ್ದರು. ಹಿರಿಸೊಸೆಯ ಮೊದಲ ಮೂರು ವರ್ಷ ಅಪಾ ಅವಳನ್ನು ಇಣುಕಿ ನೋಡುತ್ತಲೇ ಕಳೆದಳು. ಹಾಲು ಕಾಯಿಸುತ್ತಿದ್ದರೆ ಪರದೆ ಸರಿಸಿ ಒಂದು ನೋಟ. ಹಿಟ್ಟು ನಾದುತ್ತಿದ್ದರೆ ಬೆನ್ನ ಹಿಂದೆ ಒಂದು ಕೆಮ್ಮು. ಮಧ್ಯಾಹ್ನ ಹತ್ತು ನಿಮಿಷ ಒರಗಿದರೆ ಬಾಗಿಲು ಕಿರ್ರೆನ್ನುತ್ತಿತ್ತು. “ಎದ್ದಿದೀಯೇನೇ? ಸುಮ್ನೆ ನೋಡೋಣಾಂತ ಬಂದೆ.” ಕನಿಶಾಯ್‌ಗೆ ಆ ಕಿರ್ರೆನ್ನುವ ಸದ್ದು ಮೈಯಲ್ಲಿ ಉಳಿದುಹೋಗಿತ್ತು.

ಮಾವ ಸತ್ತ ಮೇಲೆ ಅಪಾ ಮೆತ್ತಗಾದಳು. ಕಿರಿಯ ಮಗ ಕುಬಾತ್ ಓಣಿಯ ಆಚೆ ಬದಿಯಲ್ಲಿ ಬೇರೆ ಮನೆ ಹೂಡಿದಾಗ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು ಹೇಳಿದ್ದಳು, “ದಿನಾ ಬೆಳಿಗ್ಗೆ ಬಂದು ಹೆಂಗಿದೀಯಾ ಅಂತ ಕೇಳ್ಬೇಡಿ, ನಂಗೆ ಆಗ್ಬರಲ್ಲ. ಹೊಗೆಕೊಳವೆ ನೋಡ್ಕೊಳ್ಳಿ. ಹೊಗೆ ಬರ್ತಿದೆ ಅಂದ್ರೆ ನಾನಿದೀನಿ ಅಂತ.” ಆ ಮಾತು ಗಂಡುಮಕ್ಕಳಿಗೆ ಬಹಳ ಹಿಡಿಸಿತು. ಹೊಗೆ ಬರುವಂತೆ ಮಾಡುತ್ತಿದ್ದವಳು ಕನಿಶಾಯ್. ನೋಡಿ ಹೋಗುವುದು ಅವರ ಪಾಲಿಗೆ ಬಂತು.

ಎರಡು ವರ್ಷದ ಹಿಂದೆ ಅಪಾಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತಿನಲ್ಲಿ ‘ಚಾಯ್’ ಎಂಬುದೊಂದೇ ಉಳಿಯಿತು. ಹಸಿವಿಗೂ ಚಾಯ್, ಸಿಟ್ಟಿಗೂ ಚಾಯ್, ಒದ್ದೆಯಾದರೂ ಚಾಯ್. ಯಾವ ಚಾಯ್ ಯಾವುದಕ್ಕೆ ಎಂದು ತಿಳಿದಿದ್ದವಳು ಕನಿಶಾಯ್ ಒಬ್ಬಳೇ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಆರೋಗ್ಯ ಕಚೇರಿ ಮನೆಯಿಂದ ಆರು ನಿಮಿಷದ ನಡಿಗೆ. ಎರಡು ಗಂಟೆಗೊಮ್ಮೆ ಎದ್ದು ಬಂದು, ಮಗ್ಗುಲು ತಿರುಗಿಸಿ, ಮತ್ತೆ ಹೋಗುತ್ತಿದ್ದಳು. ಕಚೇರಿಯವರು ಅವಳಿಗೆ ‘ಗಡಿಯಾರದ ಹಕ್ಕಿ’ ಎಂದು ಹೆಸರಿಟ್ಟಿದ್ದರು.

ಹೀಗೆ ಎರಡು ವರ್ಷ ಕಳೆದ ಚಳಿಗಾಲದಲ್ಲಿ ತಲಾಸ್ ಕಡೆಯಿಂದ ವೆನೆರಾ ಎಂಬವಳ ದೂರು ಬಂತು. ಯಾವುದೋ ತಾಲೂಕಿನ ಚಿಕಿತ್ಸಾಲಯದಲ್ಲಿ ಯಂತ್ರ ನೋಡಿಕೊಳ್ಳುವವಳು. ‘ನಿಮ್ಮ ಡೀಫಾಲ್ಟ್ ನಂಬಿ ಕೆಟ್ಟೆ. ಎರಡೂ ಸರ್ವರ್ ಎದ್ದಿದ್ದವು, ನಾಡಿ ಹೊಡೆದುಕೊಳ್ಳುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು. ಒಳಗೆ ರೋಗಿಗಳ ದಾಖಲೆ ತೆರೆಯುವ ಕೆಲಸ ಮಾತ್ರ ಬೆಳಗಿನಿಂದ ಸತ್ತುಬಿದ್ದಿತ್ತು. ಒಂಬತ್ತು ಗಂಟೆ ಕಾಲ ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ಬದುಕಿದೆಯೇ ಎಂದು ಮಾತ್ರ ಕೇಳುತ್ತೀರಿ, ಕೆಲಸ ಬದುಕಿದೆಯೇ ಎಂದು ಕೇಳುವುದಿಲ್ಲ. ಆ ತಪಾಸಣೆ ಡೀಫಾಲ್ಟ್ ಆಗಲಿ.’

ಕನಿಶಾಯ್ ಒಪ್ಪಲಿಲ್ಲ. ಬೆಟ್ಟದ ಚಿಕಿತ್ಸಾಲಯಗಳ ಯಂತ್ರಗಳು ಮುದುಕಿಯರಂತೆ, ಗಳಿಗೆಗೊಮ್ಮೆ ಬಾಗಿಲು ತೆಗೆದು ಇಣುಕಿದರೆ ಉತ್ತರ ಕೊಡುವುದರಲ್ಲೇ ಸುಸ್ತಾಗುತ್ತವೆ, ಉತ್ತರ ತಡವಾದರೆ ಸತ್ತಿದೆ ಎಂದು ತಿಳಿದು ಎಬ್ಬಿಸಿ ಕೂರಿಸಿ ನಿಜಕ್ಕೂ ಸಾಯಿಸುತ್ತೀರಿ ಎಂದು ಬರೆದಳು. ಬೇಕಾದವರು ತಪಾಸಣೆ ಸೇರಿಸಿಕೊಳ್ಳಲಿ, ಬೇಡದವರ ಮೇಲೆ ಹೇರಬಾರದು. ಅವಳು ಹೇಳಿದ್ದರಲ್ಲಿ ಸತ್ಯವೂ ಇತ್ತು. ಕಿರ್ರೆನ್ನುವ ಬಾಗಿಲೂ ಇತ್ತು.

ಜಗಳ ಬೆಳೆಯಿತು. ಕೊನೆಗೆ ತೊಲೊಗೊನ್ ಫೋನ್ ಮಾಡಿದ. “ಕನಿಶಾಯ್, ಫೆಬ್ರವರಿಲಿ ಎಲ್ಲರೂ ಬಿಶ್ಕೆಕ್‌ನಲ್ಲಿ ಸೇರ್ತಿದೀವಿ. ಹೊಸ ಆವೃತ್ತಿಯ ಡೀಫಾಲ್ಟ್‌ಗಳಿಗೆ ಅಲ್ಲೇ ಕೈ ಎತ್ತಿಸ್ತೀನಿ. ಬೇಡ ಅನ್ನೋರು ಎದುರಿಗೆ ನಿಂತು ಬೇಡ ಅನ್ಬೇಕು. ಹನ್ನೊಂದು ವರ್ಷದಿಂದ ನಿನ್ನ ಮುಖಾನೇ ನೋಡಿಲ್ಲ ನಾವು. ಮೀಸೆ ಇರೋ ಗಂಡಸು ಅಂತಲೇ ಅರ್ಧ ಜನ ತಿಳ್ಕೊಂಡಿದಾರೆ.”

“ಮೀಸೆ ಇದ್ದಿದ್ರೆ ಯಾವತ್ತೋ ಬಂದಿರ್ತಿದ್ದೆ ಬೈಕೆ,” ಎಂದಳು ಕನಿಶಾಯ್. ಅಣ್ಣನಂಥವರನ್ನು ಅಲ್ಲಿ ಬೈಕೆ ಎನ್ನುತ್ತಾರೆ.

ಎರಡು ದಿನ. ಅವಳಿಗೆ ಬೇಕಿದ್ದದ್ದು ಅಷ್ಟೇ. ಮುಕಾಶ್‌ಗೆ ಹೇಳಿದಾಗ ಅವನು ತಡೆಯಲಿಲ್ಲ, ನಕ್ಕ. “ಹೋಗು. ಅವ್ವಂದೇನಿದೆ, ಮಲಗೇ ಇರ್ತಾಳೆ.”

ಓರಗಿತ್ತಿ ಜಿಪಾರ್ ಶಾಲೆಯ ಊಟದಮನೆಯಲ್ಲಿ ಅಡುಗೆಯವಳು. ಗಂಡ ಕುಬಾತ್ ಕುರಿಗಳ ಜೊತೆ ಚಳಿಗಾಲದ ಹುಲ್ಲುಗಾವಲಿಗೆ ಹೋಗಿದ್ದ, ಮನೆಯ ಒಂದೇ ಫೋನೂ ಅವನ ಜೇಬಿನಲ್ಲಿ ಹೋಗಿತ್ತು. ಜಿಪಾರ್ ಒಂದು ದಿನ ರಜೆ ಹಾಕಲು ಒಪ್ಪಿದಳು. ಮರುದಿನ ಹೇಗೂ ಭಾನುವಾರ. ಕನಿಶಾಯ್ ಮಾಡಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದು ಕೊಟ್ಟಳು. ಒಂದು ಹಾಳೆ ಸಾಲದೆ ಹಿಂಬದಿಗೂ ಬರೆದಳು. ಗಂಜಿ ಎಷ್ಟು ತೆಳ್ಳಗಿರಬೇಕು, ಗಂಟಲಿಗೆ ಸಿಕ್ಕದಂತೆ ತಲೆ ಎಷ್ಟು ಎತ್ತಬೇಕು, ಹಿಮ್ಮಡಿಯ ಕೆಳಗೆ ಯಾವ ದಿಂಬು, ಗೋಡೆಯ ಕಡೆ ತಿರುಗಿಸಿದರೆ ಯಾಕೆ ಸಿಟ್ಟಾಗುತ್ತಾಳೆ.

ಜಿಪಾರ್ ಓದುತ್ತ ಓದುತ್ತ ಹುಬ್ಬೇರಿಸಿದಳು. “ಇಷ್ಟೆಲ್ಲ ದಿನಾ ನೀನೊಬ್ಳೇ ಮಾಡ್ತೀಯಾ ಎಜೆ?” ಎಜೆ ಎಂದರೆ ಅಕ್ಕ.

“ಬರೆಯೋವರೆಗೂ ನಂಗೂ ಗೊತ್ತಿರ್ಲಿಲ್ಲ, ಇಷ್ಟಿದೆ ಅಂತ.”

“ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ನೀನು ನಿಶ್ಚಿಂತೆಯಿಂದ ಹೋಗು. ಅಲ್ಲಿ ಒಂದು ತಟ್ಟೆ ಲಗ್ಮಾನ್ ಕೂತ್ಕೊಂಡು ತಿನ್ನು, ನಿಂತ್ಕೊಂಡಲ್ಲ.”

ಹೊರಡುವ ಮುನ್ನಾದಿನವೇ ಹಿಮ ಶುರುವಾಗಿತ್ತು. ಬಿಶ್ಕೆಕ್ ದಾರಿಯ ದೊಲೊನ್ ಘಾಟಿ ಮುಚ್ಚಬಹುದು ಎಂದು ಬಜಾರಿನಲ್ಲೆಲ್ಲ ಮಾತು. ಶನಿವಾರ ಬೆಳಗಿನ ನಾಲ್ಕೂವರೆಗೆ ಕನಿಶಾಯ್ ಅಪಾಳ ಮಗ್ಗುಲು ಬದಲಿಸಿ, ಒಣಬಟ್ಟೆ ಹಾಕಿ, ಚಹಾ ಕುಡಿಸಿದಳು. ಜಿಪಾರ್ ಸ್ವಲ್ಪ ತಡ ಮಾಡಿದರೂ ಮನೆ ತಣ್ಣಗಾಗದಿರಲಿ ಎಂದು ಒಲೆಗೆ ಎರಡು ಬುಟ್ಟಿ ಕಲ್ಲಿದ್ದಲು ಸುರಿದು, ಮೇಲೆ ನೀರಲ್ಲಿ ಕಲಸಿದ ಇದ್ದಿಲಪುಡಿಯನ್ನು ದಪ್ಪಗೆ ಮೆತ್ತಿದಳು. ಹಾಗೆ ಮುಚ್ಚಿದ ಬೆಂಕಿ ಒಳಗೊಳಗೇ ಮಧ್ಯಾಹ್ನ ದಾಟುವವರೆಗೂ ಉರಿಯುತ್ತದೆ. ಮುಕಾಶ್‌ನ ಚಹಾ ಫ್ಲಾಸ್ಕಿನಲ್ಲಿ, ರೊಟ್ಟಿ ಬಟ್ಟೆಯಡಿಯಲ್ಲಿ.

ಅಪಾ ಎಡಗೈಯಿಂದ ಅವಳ ಕೋಟಿನ ತುದಿ ಹಿಡಿದುಕೊಂಡಳು. “ಚಾಯ್,” ಎಂದಳು.

ಅದು ಯಾವ ಚಾಯ್ ಎಂದು ಕನಿಶಾಯ್‌ಗೆ ಅವತ್ತು ತಿಳಿಯಲಿಲ್ಲ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ.

ಘಾಟಿ ತೆರೆದಿತ್ತು. ವ್ಯಾನು ಹನ್ನೊಂದೂವರೆಗೆ ಬಿಶ್ಕೆಕ್ ಸೇರಿತು. ಇಳಿದವಳೇ ಮುಕಾಶ್‌ಗೆ ಫೋನ್ ಮಾಡಿದಳು. ಅವನು ಲಾರಿಯಲ್ಲಿದ್ದ, ಹಿಂದೆ ಎಂಜಿನ್ನಿನ ಗದ್ದಲ.

“ಜಿಪಾರ್ ಬಂದ್ಲಾ?”

“ನಾನು ಏಳಕ್ಕೇ ಹೊರಟೆ ಮಾರಾಯ್ತಿ. ಈಗ ತಾನೇ ಮನೆ ಮುಂದೆ ಹಿಮ ತಳ್ಕೊಂಡು ಬಂದೆ. ಹೊಗೆ ಹೆಂಗೆ ಏಳ್ತಿದೆ ಅಂತೀಯಾ! ಅವಳ ಅಪ್ಪನ ಮನೆ ಇದ್ದಿಲು ಅನ್ನೋ ಥರ ಸುರಿದವ್ಳೆ.”

“ಒಳಗೆ ಹೋಗಿ ನೋಡಿದ್ರಾ?”

“ರಸ್ತೆ ಮಧ್ಯ ಲಾರಿ ನಿಲ್ಸಿ ಚಾ ಕುಡೀಲಾ? ಹೊಗೆ ಬರ್ತಿದೆ ಅಂದ್ನಲ್ಲ.”

ಕನಿಶಾಯ್‌ಗೆ ಎದೆ ಹಗುರಾಯಿತು. ಹೊಗೆ ಬರುತ್ತಿದೆ ಎಂದರೆ ಜಿಪಾರ್ ಇದ್ದಾಳೆ. ಮುಂದೆ ಎಷ್ಟೋ ದಿನ ಅವಳು ನೆನೆಸಿಕೊಂಡು ಸುಟ್ಟುಕೊಂಡದ್ದು ಈ ಹಗುರವನ್ನೇ. ಬೆಂಕಿ ಮುಚ್ಚಿದ್ದು ತಾನು, ಅದು ಎಷ್ಟು ಹೊತ್ತು ಉರಿಯುತ್ತದೆಂದು ಗೊತ್ತಿದ್ದದ್ದು ತನಗೊಬ್ಬಳಿಗೇ. ಆದರೂ ಅವಳು ನಂಬಿದಳು.

ಒಂದು ಕಾಲೇಜಿನ ಕೋಣೆಯಲ್ಲಿ ಹದಿನೈದು ಜನ ಸೇರಿದ್ದರು. ವೆನೆರಾ ಎದುರಿಗೇ ಕೂತಿದ್ದಳು. ತನಗಿಂತ ದೊಡ್ಡವಳು, ಕೈ ತುಂಬ ಬಿರುಕು. ಇವಳೂ ಬೂದಿ ತೆಗೆಯುವವಳೇ ಎಂದು ಕನಿಶಾಯ್‌ಗೆ ನೋಡಿದೊಡನೆ ಗೊತ್ತಾಯಿತು. ವೆನೆರಾ ಏಳದೆ, ದನಿ ಏರಿಸದೆ ಹೇಳಿದಳು: “ನಾಡಿ ಇತ್ತು ಅಂತ ನಾವು ಯಾರೂ ಬಾಗಿಲು ತೆಗೀಲಿಲ್ಲ. ನಂದು ಇಷ್ಟೇ.”

ಕನಿಶಾಯ್ ಮಾತ್ರ ಎದ್ದು ನಿಂತಳು. ನಾರಿನ್, ಅತ್-ಬಾಶಿ, ಸೂಸಮಿರ್, ಎಲ್ಲೆಲ್ಲಿ ಎಷ್ಟು ಹಳೆಯ ಯಂತ್ರಗಳಿವೆ, ಯಾವುದು ಎಷ್ಟು ತಡವಾಗಿ ಉತ್ತರ ಕೊಡುತ್ತದೆ, ಒಂದನ್ನೂ ಚೀಟಿ ನೋಡದೆ ಹೇಳಿದಳು. “ಬದುಕಿರೋದನ್ನ ಬದುಕಿದೀಯಾ ಬದುಕಿದೀಯಾ ಅಂತ ಕೇಳ್ತಾ ಕೂತ್ರೆ ಅದು ಕೆಲಸ ಮಾಡೋದು ಯಾವಾಗ? ಸ್ವಲ್ಪ ನಂಬಿಕೆ ಇರ್ಲಿ.” ಯಾರೋ ಚಪ್ಪಾಳೆ ತಟ್ಟಿದರು. ಕೈ ಎತ್ತಿದಾಗ ಒಂಬತ್ತು ಅವಳ ಕಡೆ, ಆರು ವೆನೆರಾ ಕಡೆ.

ಆಮೇಲೆ ಎಲ್ಲರೂ ಪಕ್ಕದ ಹೋಟೆಲಿಗೆ ಹೋದರು. ಅವಳ ಮುಂದೆ ಹಬೆಯಾಡುವ ಲಗ್ಮಾನ್ ಬಂತು, ಮಾಂಸದ ಸಾರಿನಲ್ಲಿ ಉದ್ದನೆಯ ಶಾವಿಗೆ. ಅವಳು ಬೇಯಿಸಿದ್ದಲ್ಲ, ಬಡಿಸಿದ್ದಲ್ಲ, ತಟ್ಟೆ ತೊಳೆಯುವುದೂ ಅವಳಲ್ಲ. ಜಿಪಾರ್ ಹೇಳಿದ್ದು ನೆನಪಾಗಿ, ಒರಗಿ ಕೂತು ತಿಂದಳು. ತೊಲೊಗೊನ್ “ಮೀಸೆ ಇಲ್ಲದೇನೇ ಗೆದ್ದೆಯಲ್ಲ ತಂಗಿ” ಎಂದಾಗ ಬಾಯಿ ತುಂಬ ನಕ್ಕಳು. ಅರ್ಧ ತಟ್ಟೆ ಉಳಿದಿತ್ತು, ಆಗ ಫೋನ್ ಬಂತು.

“ಅವ್ವ ಹೋದ್ಳು,” ಎಂದ ಮುಕಾಶ್. ಅಳುತ್ತಿದ್ದ. ಆಮೇಲೆ ಬಂದ ಮೊದಲ ಮಾತು, “ನೀನ್ಯಾಕೆ ಹೋದೆ?”

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಅಂಗಳದಲ್ಲಿ ಶವವಿಡುವ ಉಣ್ಣೆಯ ಗುಡಾರ, ಯುರ್ತ್, ಎದ್ದಿತ್ತು. ಹೊರಗೆ ಮುಕಾಶ್, ಹುಲ್ಲುಗಾವಲಿನಿಂದ ಓಡಿಬಂದ ಕುಬಾತ್ ಇಬ್ಬರೂ ಕೋಲೂರಿ ನಿಂತು, ಬಂದವರನ್ನು ಕಂಡೊಡನೆ ದನಿಯೆತ್ತಿ ಅಳುತ್ತಿದ್ದರು. ಒಳಗೆ ಅಪಾಳನ್ನು ಮಲಗಿಸಿದ್ದ ಪರದೆಯ ಬಳಿ ಹೆಂಗಸರು ಗೋಡೆಗೆ ಮುಖ ಮಾಡಿ ಶೋಕದ ಹಾಡು ಹೇಳುತ್ತಿದ್ದರು. ಕನಿಶಾಯ್ ಒಳಗೆ ಬಂದೊಡನೆ ಮುಕಾಶ್‌ನ ಸೋದರತ್ತೆ ಹಾಡು ನಿಲ್ಲಿಸಿದಳು.

“ಬಂದ್ಯಾ? ಊರು ಸುತ್ತಿ ಮುಗೀತಾ ತಾಯಿ?”

ಕನಿಶಾಯ್ ಗೋಡೆಗೆ ಮುಖ ಮಾಡಿ ಕೂತಳು. ಹಾಡಬೇಕಿತ್ತು, ಅತ್ತೆಯ ಗುಣ ಹೊಗಳಿ ಹಾಡುವುದು ಹಿರಿಸೊಸೆಯ ಪಾಲು. ಬಾಯಿ ತೆರೆದರೆ ಪದ ಬರಲಿಲ್ಲ. ಚಾಯ್ ಎಂಬುದೊಂದೇ ನಾಲಿಗೆಗೆ ಬರುತ್ತಿತ್ತು.

ಕೂತು ಅಳಲೂ ಹೆಚ್ಚು ಹೊತ್ತು ಸಿಗಲಿಲ್ಲ. ಮಣ್ಣಿಗೆ ಇನ್ನೂರು ಜನ ಬರುವವರಿದ್ದರು, ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯಬೇಕಿತ್ತು. ಸತ್ತವರ ಮನೆಯಲ್ಲೂ ಹಿಟ್ಟು ತಾನಾಗಿ ನಾದಿಕೊಳ್ಳುವುದಿಲ್ಲ. ಹಿತ್ತಲಿನ ಕೊಪ್ಪರಿಗೆಯ ಮುಂದೆ ಇಬ್ಬರು ಓರಗಿತ್ತಿಯರು ಕೂತರು. ಜಿಪಾರ್ ಕತ್ತರಿಸುತ್ತಿದ್ದಳು, ಕನಿಶಾಯ್ ಕರಿಯುತ್ತಿದ್ದಳು.

“ಹೊಗೆ ಬರ್ತಿತ್ತು ಎಜೆ,” ಎಂದಳು ಜಿಪಾರ್.

ಕನಿಶಾಯ್ ಜಾಲರಿ ಸೌಟನ್ನು ಎಣ್ಣೆಯಲ್ಲೇ ನಿಲ್ಲಿಸಿದಳು.

“ಎಂಟು ಗಂಟೆಗೆ ನಮ್ಮನೆ ಬಾಗಿಲಿಗೆ ಬಂದೆ, ಅಲ್ಲಿಂದ್ಲೇ ನೋಡ್ದೆ. ಅಷ್ಟು ದಪ್ಪ ಹೊಗೆ. ಘಾಟಿ ಮುಚ್ಚಿದೆ ಅಂತ ಎಲ್ಲರೂ ಹೇಳ್ತಿದ್ರು. ಎಜೆ ಹೋಗಿಲ್ಲ, ಒಲೆ ಮುಂದೆ ಇದಾಳೆ ಅಂದ್ಕೊಂಡೆ. ರಜೆ ಉಳೀತು ಅಂತ...” ಅವಳ ಕೈಯ ಚಾಕು ಹಿಟ್ಟಿನಲ್ಲಿ ನಿಂತಿತು. “ಖುಷಿಪಟ್ಟೆ ಎಜೆ. ಶಾಲೆಗೆ ಹೋದೆ. ಸಂಜೆ ಹಾಲು ಕೊಡೋಕೆ ಬಂದೆ, ಹೊಗೆ ಇರ್ಲಿಲ್ಲ. ಬಾಗಿಲು ತೆಗೆದ್ರೆ ಅಪಾ ಕೆಳಗೆ ಬಿದ್ದಿದ್ರು. ಕಂಬಳಿ ಮೇಲೆ ಕೆನ್ನೆ. ಎಡಗೈ ಬಾಗಿಲ ಕಡೆ.”

“ಸಾಕು,” ಎಂದಳು ಕನಿಶಾಯ್.

“ಎಲ್ಲರ ಮುಂದೆ ಹೇಳ್ತೀನಿ. ನಿನ್ನನ್ನ ಅನ್ನೋದು ಕೇಳೋಕಾಗ್ತಿಲ್ಲ.”

“ಹೇಳಿದ್ರೆ ನಿನ್ನನ್ನ ಅಂತಾರೆ ಅಷ್ಟೇ. ನಿಂಗಿನ್ನೂ ಅವರ ಜೊತೆ ಮೂವತ್ತು ವರ್ಷ ಬಾಳೋದಿದೆ.” ಕರಿದದ್ದನ್ನು ಬುಟ್ಟಿಗೆ ಸುರಿದಳು. “ಹೊಗೆ ನಾನೇ ಹಾಕಿ ಹೋಗಿದ್ದು, ಜಿಪಾರ್.”

ಆಗ ಮುಕಾಶ್ ಹಿತ್ತಲಿಗೆ ಬಂದ. ಗಂಡಸರಿಗೆ ಚಹಾ ಬೇಕಿತ್ತು. ಕೊನೆಯ ಮಾತು ಅವನ ಕಿವಿಗೆ ಬಿದ್ದಿರಬೇಕು. “ನಾನೂ ನೋಡ್ದೆ ಹೊಗೆನ,” ಎಂದ, ತನಗೆ ತಾನೇ ಎಂಬಂತೆ. ಇಬ್ಬರೂ ಅವನತ್ತ ನೋಡಿದರು. ಅವನು ಚಹಾದ ಪಾತ್ರೆ ಎತ್ತಿಕೊಂಡು ಹೋದ. ನೀನು ಅವತ್ತು ಹಿಮ ತಳ್ಳುತ್ತ ಮೂರು ಸಲ ಆ ಮನೆಯ ಮುಂದೆ ಹಾದುಹೋದವನು, ಯಾಕೆ ಇಳಿಯಲಿಲ್ಲ ಎಂದು ಅವನನ್ನು ಆ ದಿನವೂ ಆಮೇಲೂ ಒಬ್ಬರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕನಿಶಾಯ್ ಬರೆದುಕೊಟ್ಟ ಹಾಳೆಯಲ್ಲೂ ಅವನ ಹೆಸರಿರಲಿಲ್ಲ. ಅವಳೂ ಅದನ್ನು ಬರೆದಿರಲಿಲ್ಲ.

ನಲವತ್ತನೆಯ ದಿನದ ಊಟ ಮುಗಿದು, ಎರವಲು ತಂದ ತಟ್ಟೆಗಳನ್ನೆಲ್ಲ ಹಿಂದಿರುಗಿಸಿದ ಮೇಲೆ ಒಂದು ಮಧ್ಯಾಹ್ನ ಕನಿಶಾಯ್ ಹಿಟ್ಟು ನಾದಿ ಮುಚ್ಚಿಟ್ಟು ಲ್ಯಾಪ್‌ಟಾಪ್ ತೆರೆದಳು. ಹೊಸ ಆವೃತ್ತಿ ಹೊರಬರಲು ಇನ್ನೊಂದು ವಾರವಿತ್ತು. ಡೀಫಾಲ್ಟ್ ಕಡತದಲ್ಲಿ ತಾನು ಹನ್ನೊಂದು ವರ್ಷ ಖಾಲಿ ಬಿಟ್ಟಿದ್ದ ಜಾಗಕ್ಕೆ ಹೋಗಿ ಬರೆದಳು: ಪ್ರತಿ ಮೂವತ್ತು ಸೆಕೆಂಡಿಗೊಮ್ಮೆ ಒಳಗಿನ ಕೆಲಸ ನಡೆಯುತ್ತಿದೆಯೇ ಎಂದು ಕೇಳಬೇಕು. ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಉತ್ತರಕ್ಕೆ ಎರಡು ನಿಮಿಷ ಕಾಯಬೇಕು. ಮುದಿ ಯಂತ್ರಗಳ ಪರವಾಗಿ ಅಷ್ಟು ಉಳಿಸಿಕೊಂಡಳು.

ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಏನೇನೋ ಬರೆದು ಅಳಿಸಿದಳು. ಕೊನೆಗೆ ಉಳಿದದ್ದು: ‘ನಾಡಿ ಇದ್ದರೆ ಸಾಲದು. ವೆನೆರಾ ಹೇಳಿದ್ದು ಸರಿ.’

ತೊಲೊಗೊನ್ ಫೋನ್ ಮಾಡಿದ. “ಕೈ ಎತ್ತಿಸಿ ಗೆದ್ದಿದ್ದನ್ನ ನೀನೇ ತೆಗೀತಿದೀಯಲ್ಲ! ಏನಾಯ್ತು ತಂಗಿ?”

“ಏನಿಲ್ಲ ಬೈಕೆ. ಇನ್ನೊಂದ್ಸಲ ನೋಡ್ದೆ.”

“ಮನೇಲಿ ಎಲ್ಲ ಸರಿ ಹೋಯ್ತಾ? ಅತ್ತೆ ಹೋದ ಮೇಲೆ ಕೆಲಸ ಕಮ್ಮಿ ಆಗಿರ್ಬೇಕು.”

“ಹೂಂ,” ಎಂದಳು. “ಕಮ್ಮಿ ಆಗಿದೆ.”

ಫೋನ್ ಇಟ್ಟಳು. ಹಿಟ್ಟು ಬಟ್ಟೆಯನ್ನು ಮೇಲಕ್ಕೆತ್ತುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಎರಡಾಯಿತು. ಅವಳು ಎದ್ದು, ಹಿಟ್ಟಂಟಿದ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಒಳಕೋಣೆಗೆ ಹೋಗಿ, ಮಂಚದ ಮೇಲೆ ಬಾಗಿ, ಭುಜದ ಕೆಳಗೆ ಕೈ ಹಾಕಬೇಕಾದಲ್ಲಿ ಹಾಸಿಗೆಯ ತಣ್ಣನೆಯ ಬಟ್ಟೆಯ ಮೇಲೆ ಕೈಯಿಟ್ಟಳು. ಹಾಗೇ ಬಾಗಿಕೊಂಡೇ ನಿಂತಿದ್ದಳು.

ಹಿಂದೆ ಬಾಗಿಲು ಕಿರ್ರೆಂದಿತು. ಜಿಪಾರ್. ಶಾಲೆಯ ಊಟದಮನೆಯ ಮೇಲಂಗಿಯಲ್ಲೇ ಬಂದಿದ್ದಳು. ಅಪಾ ಹೋದ ದಿನದಿಂದ ಅವಳು ಹೊಗೆ ನೋಡುವುದನ್ನು ಬಿಟ್ಟಿದ್ದಳು. ಹೋಗುವಾಗ ಬರುವಾಗ ಬಾಗಿಲು ತೆಗೆದು ಒಳಗೆ ಬರುತ್ತಿದ್ದಳು.

“ಸುಮ್ನೆ ನೋಡೋಣಾಂತ ಬಂದೆ ಎಜೆ,” ಎಂದಳು.

ಕನಿಶಾಯ್ ಹಾಸಿಗೆಯಿಂದ ಕೈ ತೆಗೆಯಲಿಲ್ಲ. “ಬಾ,” ಎಂದಳು, ತಿರುಗದೆ.